ಡೈನಮೊ ಟೈರಿಗೆ ಉಜ್ಜುವುದರಿಂದ ಕರೆಂಟ್ ಬರುತ್ತದೆಯೇ?

ಪ್ರಶ್ನೆ: ಸೈಕಲ್ ಡೈನಮೊ ಟೈರಿಗೆ ಉಜ್ಜಿಕೊಂಡು ಕರೆಂಟ್ ಮಾಡುತ್ತದಲ್ಲ, ಅದನ್ನು ಇನ್ನೂ ಬಿಗಿಯಾಗಿ ಒತ್ತಿ ಕೂರಿಸಿದರೆ ಬೆಳಕು ಜಾಸ್ತಿ ಆಗುತ್ತದೆಯೇ?

ಉತ್ತರ: ಇಲ್ಲ. ಉಜ್ಜುವುದರಿಂದ ಕರೆಂಟ್ ಬರುವುದೇ ಇಲ್ಲ. ತಿರುಗುವುದರಿಂದ ಬರುತ್ತದೆ.

ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಚಿಕ್ಕಮಗಳೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದಾಗ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಿದ್ದರು. ಈಗ ಅಪ್ಪನ ಕಾಲದ ಸೈಕಲ್ ರಿಪೇರಿ ಮಾಡಿಸಿ ಡೈನಮೊ ಹಾಕಿಸಿಕೊಂಡವರು ಕೇಳುತ್ತಾರೆ. ಅವರ ತಪ್ಪು ಅಂತ ಹೇಳುವುದಿಲ್ಲ. ಕಣ್ಣಿಗೆ ಕಾಣುವುದು ಉಜ್ಜಾಟ, ಕಿವಿಗೆ ಕೇಳುವುದು ಆ ಗುಂಯ್ ಸದ್ದು. ಕೆಲಸ ನಡೆಯುವುದು ಮಾತ್ರ ಡಬ್ಬಿಯ ಒಳಗೆ.

ಒಳಗೆ ಇರುವುದು ಎರಡೇ ಮುಖ್ಯ ಸಾಮಾನು. ಒಂದು ದುಂಡಗಿನ ಅಯಸ್ಕಾಂತ, ಅದರ ಪಕ್ಕದಲ್ಲಿ ಅಲುಗಾಡದೆ ಕೂತ ತಾಮ್ರದ ತಂತಿಯ ಸುರುಳಿ. ಟೈರಿಗೆ ತಾಗುವ ಗೀರುಗೀರಿನ ತಲೆ ಇದೆಯಲ್ಲ, ಅದು ತಿರುಗಿದರೆ ಅದೇ ಕಂಬಿಗೆ ಸೇರಿದ ಅಯಸ್ಕಾಂತವೂ ತಿರುಗುತ್ತದೆ. ಸುರುಳಿಯ ಮುಂದೆ ಉತ್ತರ ಧ್ರುವ, ದಕ್ಷಿಣ ಧ್ರುವ, ಮತ್ತೆ ಉತ್ತರ, ಹೀಗೆ ಬದಲಾಗುತ್ತಲೇ ಇರುತ್ತದೆ. ಆ ಬದಲಾವಣೆಯೇ ತಂತಿಯಲ್ಲಿ ಕರೆಂಟ್ ಹರಿಸುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡದ್ದು ಇದನ್ನೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟಿನ ಹಿಂದಿರುವುದೂ ಇದೇ ಸೂತ್ರ. ಅಲ್ಲಿ ತಿರುಗಿಸಿದ್ದು ಕಾವೇರಿ, ಇಲ್ಲಿ ತಿರುಗಿಸುವುದು ನಿಮ್ಮ ಕಾಲು. ನೀರು ಉಜ್ಜಿ ಕರೆಂಟ್ ಮಾಡಿತು ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ತಲೆಯ ಮೇಲಿನ ಗೀರು ಟೈರನ್ನು ಹಿಡಿದುಕೊಳ್ಳುವುದಕ್ಕೆ, ಅಷ್ಟೇ. ಟೈರು ದೊಡ್ಡದು, ತಲೆ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ದಪ್ಪ. ಹಾಗಾಗಿ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ತಲೆ ಸುಮಾರು 30 ಸುತ್ತು ತಿರುಗಿರುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋದರೆ ಸೆಕೆಂಡಿಗೆ 60 ಸುತ್ತಿನ ಹತ್ತಿರ. ಟೈರನ್ನೇ ಆರಿಸಿಕೊಂಡದ್ದು ಈ ವೇಗಕ್ಕಾಗಿ.

ಇಷ್ಟು ಹೇಳಿದರೂ ತಲೆ ಅಲ್ಲಾಡಿಸಿ, "ಆದರೂ ಉಜ್ಜಬೇಕಲ್ಲ ಸಾರ್" ಅನ್ನುವವರಿದ್ದಾರೆ. ಅವರಿಗೆ ಮಳೆಗಾಲ ನೆನಪಿಸುತ್ತೇನೆ. ಆಷಾಢದ ಮಳೆಯಲ್ಲಿ ಟೈರು ಒದ್ದೆಯಾದಾಗ ಡೈನಮೊ ಜಾರುತ್ತದೆ. ಟೈರು ಓಡುತ್ತಿರುತ್ತದೆ, ತಲೆ ಸರಿಯಾಗಿ ತಿರುಗದೆ ತೇಯುತ್ತಿರುತ್ತದೆ. ನಿಜವಾದ ಉಜ್ಜಾಟ ನಡೆಯುವುದು ಆಗಲೇ. ಬೆಳಕು ಮಂಕಾಗುವುದೂ ಆಗಲೇ! ಉಜ್ಜುವುದರಿಂದ ಕರೆಂಟ್ ಬರುವುದಾಗಿದ್ದರೆ ಮಳೆಯಲ್ಲಿ ದೀಪ ಪ್ರಜ್ವಲಿಸಬೇಕಿತ್ತು.

ಸಾಲದಿದ್ದರೆ ಮನೆಯಲ್ಲೇ ನೋಡಿ. ಡೈನಮೊ ಬಿಚ್ಚಿ ಗಟ್ಟಿಯಾಗಿ ಹಿಡಿಯಿರಿ. ಅದರ ವೈರು ಸಿಕ್ಕಿಸುವ ತುದಿಯಿಂದ ಬಲ್ಬಿಗೆ ಒಂದು ವೈರು, ಅದರ ಮೈಯಿಂದ ಇನ್ನೊಂದು ವೈರು ಕೊಡಿ. ತಲೆಗೆ ಬುಗುರಿ ಆಡುವ ಚಾಟಿ ಸುತ್ತಿ ಜೋರಾಗಿ ಎಳೆಯಿರಿ. ಬಲ್ಬು ಒಂದು ಕ್ಷಣ ಹೊತ್ತಿಕೊಳ್ಳುತ್ತದೆ. ಟೈರಿಲ್ಲ, ರಬ್ಬರಿಲ್ಲ, ಉಜ್ಜಾಟವಿಲ್ಲ. ತರಗತಿಯಲ್ಲಿ ಇದನ್ನು ತೋರಿಸಿದ ದಿನ ಹಿಂದಿನ ಬೆಂಚಿನ ಹುಡುಗರೂ ಎದ್ದು ಮುಂದೆ ಬಂದಿದ್ದರು. ಆ ಖುಷಿ ನನಗೆ ಇನ್ನೂ ಇದೆ.

ಬಾಚಣಿಗೆಯ ಮಾತನ್ನೂ ಕೆಲವರು ತರುತ್ತಾರೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರು ಎಳೆಯುತ್ತದಲ್ಲ, ಇದೂ ಹಾಗೇ ಇರಬಹುದಲ್ಲ ಅಂತ. ಅಲ್ಲ. ಬಾಚಣಿಗೆಯಲ್ಲಿ ಹುಟ್ಟುವ ವಿದ್ಯುತ್ತು ಒಂದು ಚಿಟಿಕೆ, ಬಂದ ಹಾಗೇ ಹೋಗುತ್ತದೆ. ಸೈಕಲ್ ಬಲ್ಬುಗಳಿಗೆ ಅರ್ಧ ಆಂಪಿಯರ್ ಕರೆಂಟ್ ಬಿಡದೆ ಹರಿಯುತ್ತಿರಬೇಕು. ಅದೂ ಅಲ್ಲದೆ, ಒಳಗಿನ ಸುರುಳಿ ಟೈರನ್ನು ಮುಟ್ಟುವುದೇ ಇಲ್ಲ. ಚಕ್ರದ ಅಚ್ಚಿನೊಳಗೇ ಕೂರುವ ಡೈನಮೊಗಳೂ ಇವೆ. ಅವಕ್ಕೂ ಟೈರಿಗೂ ಸಂಬಂಧವೇ ಇಲ್ಲ, ದೀಪ ಚೆನ್ನಾಗಿಯೇ ಉರಿಯುತ್ತದೆ.

ನಿಜ ಹೇಳಬೇಕೆಂದರೆ ಉಜ್ಜಾಟ ನಮಗೆ ನಷ್ಟ. ಡೈನಮೊ ಕೊಡುವುದು 6 ವೋಲ್ಟಿನಲ್ಲಿ 3 ವ್ಯಾಟ್. ಅಷ್ಟಕ್ಕೆ ಕಾಲು ಅದರ ಎರಡು ಪಟ್ಟಿಗಿಂತ ಜಾಸ್ತಿ ದುಡಿಯಬೇಕು. ಉಳಿದದ್ದು ಟೈರು ಅದುಮುವುದರಲ್ಲಿ, ಬಿಸಿಯಲ್ಲಿ ಹೋಗುತ್ತದೆ. ಇದು ತಿಳಿಯದೆ ತಲೆಯನ್ನು ಅರದಿಂದ ಉಜ್ಜಿ ಒರಟು ಮಾಡುವವರನ್ನು, ಟೈರಿಗೆ ಕಚ್ಚಿಸಿ ಬೋಲ್ಟ್ ಬಿಗಿಯುವವರನ್ನು ನೋಡಿದ್ದೇನೆ. ಬೆಳಕು ಒಂದಿಷ್ಟೂ ಹೆಚ್ಚುವುದಿಲ್ಲ. ಟೈರಿನ ಪಕ್ಕ ಸವೆದು ನೂಲು ಕಾಣುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ತಲೆ ಜಾರದಷ್ಟು ತಾಗಿದರೆ ಸಾಕು. ಡೈನಮೊ ನಿಂತ ಗೆರೆಯನ್ನು ನೇರವಾಗಿ ಎಳೆದರೆ ಅದು ಚಕ್ರದ ಅಚ್ಚಿನ ನಡುವಿಗೇ ಹೋಗಬೇಕು. ಸೊಟ್ಟ ಕೂತರೆ ತಲೆ ಉರುಳುವುದರ ಜೊತೆಗೆ ತೇಯುತ್ತದೆ, ಟೈರು ಬೇಗ ಹೋಗುತ್ತದೆ.

ಈಗ ಇನ್ನೊಂದು ವಿಷಯ. ಇದನ್ನು ನೀವು ಕೇಳಲಿಲ್ಲ, ಆದರೆ ನಮ್ಮ ಊರಿನವರು ಕೇಳಲೇಬೇಕಾದ ಪ್ರಶ್ನೆ. ಅಯಸ್ಕಾಂತ ಜೋರಾಗಿ ತಿರುಗಿದಷ್ಟೂ ಕರೆಂಟನ್ನು ತಳ್ಳುವ ಒತ್ತಡ, ಅಂದರೆ ವೋಲ್ಟೇಜ್, ಏರುತ್ತದೆ. ಹಾಗಿದ್ದ ಮೇಲೆ, ಗಿರಿಯಿಂದ ಕೈಮರದ ಕಡೆ ಇಳಿಯುವ ರಸ್ತೆಯಲ್ಲಿ ಬಲ್ಬು ಏಕೆ ಸುಟ್ಟುಹೋಗುವುದಿಲ್ಲ?

ನನಗೆ ಡೈನಮೊದಲ್ಲಿ ತುಂಬಾ ಇಷ್ಟವಾಗುವುದು ಇದೇ. ಅದು ಕೊಡುವ ಕರೆಂಟ್ ಒಂದೇ ದಿಕ್ಕಿನದಲ್ಲ, ಹಿಂದೆ ಮುಂದೆ ಬದಲಾಗುತ್ತಿರುತ್ತದೆ. ಹೀಗೆ ದಿಕ್ಕು ಬದಲಾಗುವುದನ್ನು ಸುರುಳಿ ತಡೆಯುತ್ತದೆ. ಬದಲಾವಣೆ ಬೇಗ ಬೇಗ ಆದಷ್ಟೂ ತಡೆ ಜಾಸ್ತಿ. ಇಳಿಜಾರಿನಲ್ಲಿ ಒತ್ತಡ ಏರುತ್ತದೆ, ಜೊತೆಗೇ ತಡೆಯೂ ಏರುತ್ತದೆ. ಆದ್ದರಿಂದ ಕರೆಂಟ್ ಅರ್ಧ ಆಂಪಿಯರ್ ಹತ್ತಿರವೇ ನಿಲ್ಲುತ್ತದೆ. ಬೇರೆ ಯಾವ ಸಾಮಾನೂ ಹಾಕದೆ, ಸುರುಳಿಯೇ ಬಲ್ಬನ್ನು ಕಾಯುತ್ತದೆ.

ಆದರೆ ಆ ಅರ್ಧ ಆಂಪಿಯರ್ ಎರಡು ಬಲ್ಬುಗಳ ಪಾಲು. ಮುಂದಿನದು 2.4 ವ್ಯಾಟ್, ಹಿಂದಿನ ಕೆಂಪು ದೀಪ 0.6 ವ್ಯಾಟ್. ಹಿಂದಿನ ಬಲ್ಬು ಹೋಯಿತೆಂದರೆ ಅದರ ಪಾಲೂ ಮುಂದಿನದರ ಮೇಲೆ ಬೀಳುತ್ತದೆ. ಆಗ ಮುಂದಿನ ದೀಪ ಎಂದಿಗಿಂತ ಬೆಳ್ಳಗೆ ಉರಿಯುತ್ತದೆ. ಡೈನಮೊ ಚೆನ್ನಾಗಿ ಉಜ್ಜುತ್ತಿದೆ ಅಂತ ಖುಷಿಪಡಬೇಡಿ, ಕೆಳಗಿಳಿದು ಹಿಂದಿನ ದೀಪ ನೋಡಿ. ಅದು ಆರಿದ್ದರೆ ಬಲ್ಬು ಬದಲಾಯಿಸಿ, ಇಲ್ಲದಿದ್ದರೆ ಮಂಜು ಕವಿದ ಯಾವುದೋ ತಿರುವಿನಲ್ಲಿ ಮುಂದಿನದೂ ಹೋಗುತ್ತದೆ. ಬಲ್ಬು ಸರಿಯಿದ್ದೂ ಉರಿಯದಿದ್ದರೆ ಡೈನಮೊ ಕಟ್ಟಿದ ಪಟ್ಟಿಯ ಚೂಪು ಸ್ಕ್ರೂ ನೋಡಿ. ಕರೆಂಟ್ ವಾಪಸ್ ಬರುವುದು ಸೈಕಲ್ಲಿನ ಕಬ್ಬಿಣದ ಮೈಯಿಂದಲೇ. ಆ ಸ್ಕ್ರೂ ಬಣ್ಣ ಸೀಳಿಕೊಂಡು ಕಬ್ಬಿಣವನ್ನು ಮುಟ್ಟಿರಬೇಕು.