ನಿತ್ಯದಂಡನೆ ನ್ಯಾಯವೇ? ವಾದ ಕಟ್ಟುವವರಿಗೆ ಟಿಪ್ಪಣಿ

ನರಕ ಎಂದ ಕೂಡಲೇ ನಮ್ಮಲ್ಲಿ ನೆನಪಾಗುವುದು ಪುರಾಣದ ನರಕ. ಅಲ್ಲಿ ಪಾಪ ತೀರುವ ತನಕ ಯಾತನೆ, ತೀರಿದ ಮೇಲೆ ಮರುಹುಟ್ಟು. ಈ ಕಲ್ಪನೆಯನ್ನೇ ಹೊತ್ತುಕೊಂಡು ಕ್ರೈಸ್ತರ ಚರ್ಚೆಗೆ ಇಳಿದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ಮತ್ತಾಯ 25:46ರಲ್ಲಿ ಒಂದು ಗುಂಪು ನಿತ್ಯಜೀವಕ್ಕೆ, ಇನ್ನೊಂದು ನಿತ್ಯದಂಡನೆಗೆ ಹೋಗುತ್ತದೆ. ಜೀವಕ್ಕೆ ಕೊನೆಯಿಲ್ಲವಾದರೆ ದಂಡನೆಗೂ ಇಲ್ಲ ಎಂದು 5ನೇ ಶತಮಾನದಲ್ಲಿ ಕ್ರೈಸ್ತ ಚಿಂತಕ ಅಗಸ್ಟೀನ್ ವಾದಿಸಿದ. ಪಶ್ಚಿಮದ ಕ್ರೈಸ್ತ ಸಭೆಗಳು (ಚರ್ಚುಗಳು) ಬಹುಮಟ್ಟಿಗೆ ಅವನ ದಾರಿಯನ್ನೇ ಹಿಡಿದವು.

ಇದಕ್ಕೆ ಹತ್ತಿರವಾದದ್ದು ನಮ್ಮ ನೆಲದಲ್ಲೇ ಇದೆ: ಮಧ್ವಾಚಾರ್ಯರು ಹೇಳುವ ತಮೋಯೋಗ್ಯ ಜೀವರು, ಅಂದರೆ ಸ್ವಭಾವದಿಂದಲೇ ಕತ್ತಲೆಗೆ ತಕ್ಕವರು, ಮತ್ತು ಅವರು ಸೇರುವ, ಮರಳಿ ಬಾರದ ಗಾಢ ಕತ್ತಲೆಯ ಲೋಕವಾದ ಅಂಧಂತಮಸ್ಸು. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬೇಡಿ. ಮಧ್ವಮತದಲ್ಲಿ ಜೀವ ಅನಾದಿ, ಅದರ ಯೋಗ್ಯತೆಯೂ ಅನಾದಿ. ಕ್ರೈಸ್ತ ದೇವರು ಜೀವವನ್ನು ಶೂನ್ಯದಿಂದ ಸೃಷ್ಟಿಸಿದವನು. ಹಾಗಾಗಿ 'ಇಂಥ ಕೊನೆ ಗೊತ್ತಿದ್ದೂ ಯಾಕೆ ಹುಟ್ಟಿಸಿದ?' ಎಂಬ ಪ್ರಶ್ನೆಯಿಂದ ಕ್ರೈಸ್ತ ಚಿಂತಕರಿಗೆ ತಪ್ಪಿಸಿಕೊಳ್ಳಲು ಜಾಗ ಕಡಿಮೆ.

ಪ್ರಮಾಣದ ಆಕ್ಷೇಪ

ಆಕ್ಷೇಪವನ್ನು ಭಾವುಕವಾಗಿ ಬರೆಯದೆ ಬಿಡಿಸಿ ಬರೆಯಿರಿ. ಶಿಕ್ಷೆ ತಪ್ಪಿನ ತೂಕವನ್ನು ಮೀರಬಾರದು. ಸೀಮಿತ ಆಯುಷ್ಯದ, ಸೀಮಿತ ತಿಳಿವಿನ ಮನುಷ್ಯ ಮಾಡುವ ತಪ್ಪಿನ ತೂಕ ಸೀಮಿತ. ನಿತ್ಯದಂಡನೆ ಅಸೀಮಿತ. ಆದ್ದರಿಂದ ಅದು ಅನ್ಯಾಯ. ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲಿ ಹೇಳಿದ್ದರ ಸಾರವೂ ಇದೇ.

ಇಲ್ಲಿ ಎರಡು ಬಿರುಕುಗಳಿವೆ. ಒಂದು, ಕಾಲಾವಧಿಯನ್ನಷ್ಟೇ ಹಿಡಿದು ಮಾತಾಡುವುದು. ಕೊಲೆಗೆ ಒಂದು ನಿಮಿಷ ಸಾಕು, ಸೆರೆವಾಸ ಜೀವಾವಧಿ. ಇದನ್ನು ಯಾರೂ ಅನ್ಯಾಯ ಎನ್ನುವುದಿಲ್ಲ. ಅಗಸ್ಟೀನನೇ ಈ ಉತ್ತರ ಕೊಟ್ಟಿದ್ದಾನೆ, ಆದ್ದರಿಂದ ಆಕ್ಷೇಪ ನಿಲ್ಲಬೇಕಾದದ್ದು ತಪ್ಪಿನ ತೂಕದ ಮೇಲೆ, ಅದಕ್ಕೆ ಹಿಡಿದ ಹೊತ್ತಿನ ಮೇಲಲ್ಲ. ಇನ್ನೊಂದು ಬಿರುಕು ಗಣಿತದ್ದು. ಕೊನೆಯಿಲ್ಲದ ಕಾಲ ಎಂದರೆ ಕೊನೆಯಿಲ್ಲದ ಮೊತ್ತ ಎಂದೇನಲ್ಲ: 1 + 1/2 + 1/4 + 1/8 ಎಂದು ಎಷ್ಟು ಕೂಡಿಸುತ್ತ ಹೋದರೂ 2ನ್ನು ದಾಟುವುದಿಲ್ಲ. ಯಾತನೆಯ ತೀವ್ರತೆ ಹೀಗೆ ಇಳಿಯುತ್ತ ಹೋದರೆ ಒಟ್ಟು ಶಿಕ್ಷೆ ಸೀಮಿತವೇ. ಆಕ್ಷೇಪ ಗಟ್ಟಿಯಾಗಬೇಕಾದರೆ 'ಯಾತನೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ' ಎಂಬ ಮಾತನ್ನೂ ಸೇರಿಸಬೇಕು. ಸಾಂಪ್ರದಾಯಿಕ ಬೋಧನೆ ಹಾಗೆ ಇಳಿಯುತ್ತದೆ ಎಂದು ಹೇಳುವುದಿಲ್ಲ, ಆದ್ದರಿಂದ ಸೇರಿಸುವುದು ಕಷ್ಟವಲ್ಲ. ಸೇರಿಸದೆ ಬಿಟ್ಟರೆ ಎದುರಾಳಿ ಹಿಡಿಯುವುದು ಅಲ್ಲೇ.

ಸಮರ್ಥನೆಗಳು, ಅವು ತೆರುವ ಬೆಲೆ

ಹಳೆಯ ಉತ್ತರ: ತಪ್ಪಿನ ತೂಕ ಅದು ಯಾರಿಗೆ ಎದುರಾಗಿ ನಡೆಯಿತು ಎಂಬುದರ ಮೇಲಿದೆ, ದೇವರ ಮಹಿಮೆ ಅನಂತ, ಆದ್ದರಿಂದ ಪಾಪವೂ ಅನಂತ. ಇದನ್ನು ಕಣ್ಣುಮುಚ್ಚಿ ಮಧ್ಯಯುಗದ ಕ್ರೈಸ್ತ ಚಿಂತಕ ಅನ್ಸೆಲ್ಮನ ತಲೆಗೆ ಕಟ್ಟುವುದು ವಾಡಿಕೆಯಾಗಿಬಿಟ್ಟಿದೆ. ಸುಮಾರು 1098ರಲ್ಲಿ ಅವನು ಮುಖ್ಯವಾಗಿ ವಿವರಿಸಲು ಹೊರಟಿದ್ದು ನರಕವನ್ನಲ್ಲ, ಕ್ರಿಸ್ತನು ಮನುಷ್ಯನಾಗಿ ಬಂದು ಪರಿಹಾರ ಸಲ್ಲಿಸಬೇಕಾದದ್ದು ಏಕೆ ಎಂಬುದನ್ನು. ನರಕದ ಸಮರ್ಥನೆಯಾಗಿ ಇದನ್ನು ನೇರವಾಗಿ, ಖಡಕ್ಕಾಗಿ ಮಂಡಿಸಿದವನು 18ನೇ ಶತಮಾನದ ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್. 13ನೇ ಶತಮಾನದ ಚಿಂತಕ ಥಾಮಸ್ ಅಕ್ವಿನಾಸ್ ಹೆಚ್ಚು ನಾಜೂಕು: ಪಾಪಕ್ಕೆ ಎರಡು ಮುಖ. ಅನಂತ ಒಳಿತಿನಿಂದ ಮುಖ ತಿರುಗಿಸಿದ್ದಕ್ಕೆ ಅದನ್ನು ಕಳೆದುಕೊಳ್ಳುವ ನಷ್ಟ, ಅದು ಅನಂತ. ಸೀಮಿತ ವಸ್ತುವಿಗೆ ಅಂಟಿಕೊಂಡಿದ್ದಕ್ಕೆ ಇಂದ್ರಿಯಗಳ ಯಾತನೆ, ಅದರ ತೀವ್ರತೆ ಸೀಮಿತ.

ಇದನ್ನು ಎದುರಿಸುವಾಗ 'ರಾಜನಿಗೆ ಬೈದರೂ ಆಳಿಗೆ ಬೈದರೂ ಒಂದೇ' ಎಂದಷ್ಟೇ ಬರೆದು ಮುಗಿಸಬೇಡಿ. ಇರುವೆಯನ್ನು ತುಳಿಯುವುದಕ್ಕೂ ಮನುಷ್ಯನನ್ನು ಕೊಲ್ಲುವುದಕ್ಕೂ ಇರುವ ವ್ಯತ್ಯಾಸ ಅಂತಸ್ತಿನದಲ್ಲ, ಸ್ವರೂಪದ್ದು. ದೇವರ ವಿಷಯವೂ ಹಾಗೆಯೇ ಎಂದು ಅವರು ತಿರುಗಿ ಹೇಳುತ್ತಾರೆ. ಗಟ್ಟಿ ಉತ್ತರ ಬೇರೆಯಿದೆ. ಇರುವೆಗೂ ಮನುಷ್ಯನಿಗೂ ಹಾನಿಯಾಗುತ್ತದೆ, ದೇವರಿಗೆ ಹಾನಿ ಮಾಡಲು ಯಾರಿಂದಲೂ ಆಗದು. ಹೊಣೆಗಾರಿಕೆ ತಪ್ಪು ಮಾಡಿದವನ ತಿಳಿವನ್ನೂ ಅವಲಂಬಿಸುತ್ತದೆ, ಅನಂತವಾದದ್ದರ ತೂಕ ಅವನಿಗೆ ತಿಳಿದೇ ಇರಲಿಲ್ಲ. ಲೂಕ 12:47-48ರಲ್ಲಿ ಯಜಮಾನನ ಇಷ್ಟವನ್ನು ತಿಳಿದೂ ತಪ್ಪಿದ ಆಳಿಗೆ ಹೆಚ್ಚು ಪೆಟ್ಟು, ತಿಳಿಯದವನಿಗೆ ಕಡಿಮೆ. ತಿಳಿವಿನ ಲೆಕ್ಕ ಅಲ್ಲೇ ಇದೆ.

ಎರಡನೆಯ ಸಮರ್ಥನೆ ಜರ್ಮನ್ ತತ್ತ್ವಜ್ಞಾನಿ ಲೈಬ್ನಿಜ್ 1710ರಲ್ಲಿ ಎತ್ತಿ ಹಿಡಿದದ್ದು: ನರಕದಲ್ಲಿರುವವರು ಪಾಪ ಮಾಡುತ್ತಲೇ ಇರುತ್ತಾರೆ, ಅದಕ್ಕೇ ಶಿಕ್ಷೆಯೂ ಮುಂದುವರಿಯುತ್ತದೆ. ನನ್ನ ಮಟ್ಟಿಗೆ ಮೊದಲನೆಯದಕ್ಕಿಂತ ಇದು ಬಲವಾದ ವಾದ, ಪ್ರಮಾಣದ ಆಕ್ಷೇಪವನ್ನು ನೇರವಾಗಿ ತಪ್ಪಿಸುತ್ತದೆ. ಆದರೆ ಮತ್ತಾಯ 25ರ ತೀರ್ಪು ಭೂಮಿಯ ಮೇಲಿನ ಕೃತ್ಯಗಳ ಮೇಲೆ: ಹಸಿದವನಿಗೆ ಉಣಿಸಲಿಲ್ಲ, ಸೆರೆಯಲ್ಲಿದ್ದವನನ್ನು ನೋಡಲಿಲ್ಲ. ಜೊತೆಗೆ, ಅಲ್ಲಿ ಪಶ್ಚಾತ್ತಾಪ ಪಡಲು ಸಾಧ್ಯವೇ? ಸಾಧ್ಯವಾದರೆ ನರಕ ನಿತ್ಯ ಎಂದು ಖಚಿತವಾಗಿ ಹೇಳುವಂತಿಲ್ಲ. ಸಾಧ್ಯವಿಲ್ಲದಿದ್ದರೆ, ಬದಲಾಗಲಾರದವನನ್ನು ಬದಲಾಗದ್ದಕ್ಕೆ ದಂಡಿಸಿದಂತಾಯಿತು. ಸಾವಿನೊಂದಿಗೆ ಇಚ್ಛೆ ಗಟ್ಟಿಯಾಗಿಬಿಡುತ್ತದೆ ಎಂಬುದು ಅಕ್ವಿನಾಸನ ಉತ್ತರ. ಹಾಗೇಕೆ ಎಂಬುದನ್ನು ಅವನು ದೇಹ ಮತ್ತು ಆತ್ಮದ ಸಂಬಂಧದಿಂದ ವಿವರಿಸುತ್ತಾನೆ. ಆ ವಿವರಣೆಯನ್ನು ಒಪ್ಪದವರಿಗೆ ಉತ್ತರವೂ ನಿಲ್ಲುವುದಿಲ್ಲ.

ಇಂದು ಹೆಚ್ಚು ಕೇಳಿಬರುವುದು ಸ್ವಂತ ಆಯ್ಕೆಯ ವಾದ. ನರಕದ ಬಾಗಿಲಿಗೆ ಒಳಗಿನಿಂದಲೇ ಅಗುಳಿ ಎಂದು ಲೇಖಕ ಸಿ.ಎಸ್. ಲೂಯಿಸ್ 1940ರಲ್ಲಿ ಬರೆದ. ಕಥೋಲಿಕ ಸಭೆಯ ಅಧಿಕೃತ ಬೋಧನೆಗಳ ಗ್ರಂಥವಾದ 1992ರ ಧರ್ಮೋಪದೇಶವೂ ನರಕದ ಮುಖ್ಯ ಶಿಕ್ಷೆ ದೇವರಿಂದ ನಿತ್ಯ ಅಗಲಿಕೆ ಎನ್ನುತ್ತದೆ, ದೇವರು ಯಾರನ್ನೂ ನರಕಕ್ಕೆಂದು ಮೊದಲೇ ನಿಗದಿ ಮಾಡುವುದಿಲ್ಲ ಎಂದೂ ಹೇಳುತ್ತದೆ. ಇಲ್ಲಿ ಕೊಡಬೇಕಾದ ಬೆಲೆ ಎಂದರೆ, ದಂಡನೆ ಎಂಬುದು ಬಹುಪಾಲು ಕರಗಿ ಸ್ಥಿತಿಯಾಗಿ ಉಳಿಯುತ್ತದೆ. ಲೂಕ 16ರಲ್ಲಿ ಸತ್ತ ಮೇಲೆ ಯಾತನೆಯಲ್ಲಿರುವ ಐಶ್ವರ್ಯವಂತನೂ ಈ ವಾದಕ್ಕೆ ಒಗ್ಗುವುದಿಲ್ಲ. ಅವನು ನೀರಿಗಾಗಿ ಬೇಡುತ್ತಾನೆ, ಆದರೆ ನಡುವೆ ಯಾರೂ ದಾಟಲಾಗದ ಕಂದಕ. ಅದು ಸಾಮ್ಯ (ದೃಷ್ಟಾಂತ ಕಥೆ), ನರಕದ ನಕ್ಷೆಯಲ್ಲ ಎಂಬ ಮರುಮಾತು ನ್ಯಾಯವೇ. ಆದರೆ ಹಾಗೆ ಹೇಳುವವರು ಮತ್ತಾಯ 25ನ್ನೂ ಅದೇ ಸಡಿಲಿಕೆಯಿಂದ ಓದಲು ಸಿದ್ಧರಿರಬೇಕು.

ಮೂರು ವಾಕ್ಯಗಳ ಪರೀಕ್ಷೆ

ಅಮೆರಿಕದ ತತ್ತ್ವಜ್ಞಾನಿ ಥಾಮಸ್ ಟಾಲ್ಬಟ್ ಕೊಟ್ಟ ಚೌಕಟ್ಟನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದುಕೊಂಡರೆ ಯಾರು ಎಲ್ಲಿ ನಿಂತಿದ್ದಾರೆಂದು ತಕ್ಷಣ ಗೊತ್ತಾಗುತ್ತದೆ. ದೇವರು ಎಲ್ಲರ ರಕ್ಷಣೆಯನ್ನೂ (ಪಾಪದಿಂದ ಬಿಡುಗಡೆಯನ್ನು) ಬಯಸುತ್ತಾನೆ. ಬಯಸಿದ್ದನ್ನು ಕೊನೆಗೂ ಸಾಧಿಸುತ್ತಾನೆ. ಕೆಲವರು ಎಂದೆಂದಿಗೂ ರಕ್ಷಣೆ ಹೊಂದುವುದಿಲ್ಲ. ಮೂರೂ ಒಟ್ಟಿಗೆ ನಿಜವಾಗಲಾರವು. ಅಗಸ್ಟೀನ್ ಮತ್ತು 16ನೇ ಶತಮಾನದ ಸುಧಾರಕ ಕ್ಯಾಲ್ವಿನ್ ಮೊದಲನೆಯದನ್ನು ಬಿಡುತ್ತಾರೆ, ಎಲ್ಲರೂ ರಕ್ಷಣೆ ಹೊಂದಬೇಕೆಂಬುದು ದೇವರ ಇಚ್ಛೆ ಎನ್ನುವ 1 ತಿಮೊಥೆಯ 2:4 ಅವರಿಗೆ ತೊಡಕು. ಆಯ್ಕೆವಾದಿಗಳು ಎರಡನೆಯದನ್ನು, ಟಾಲ್ಬಟ್ ಮೂರನೆಯದನ್ನು. ಮೂರನೆಯದನ್ನು ಬಿಡುವ ಪರಂಪರೆಯೂ ಹಳೆಯದೇ: ಆದಿಕಾಲದ ಕ್ರೈಸ್ತ ಚಿಂತಕ ಓರಿಜೆನನ ಹೆಸರಿಗೆ ಅಂಟಿದ ಬೋಧನೆಗಳು 6ನೇ ಶತಮಾನದಲ್ಲಿ ಖಂಡನೆಗೆ ಒಳಗಾದವು, ಎಲ್ಲರೂ ದೇವರ ಕಡೆ ಮರಳುತ್ತಾರೆಂದು ಬರೆದ 4ನೇ ಶತಮಾನದ ಬಿಷಪ್, ನಿಸ್ಸಾದ ಗ್ರೆಗೊರಿ ಮಾತ್ರ ಇಂದಿಗೂ ಸಂತನೇ.

ದುಷ್ಟರು ಕೊನೆಗೆ ಇಲ್ಲವಾಗುತ್ತಾರೆ ಎಂಬ ವಾದವು ಮೂರನೆಯ ವಾಕ್ಯವನ್ನು ಬಿಡುವುದಿಲ್ಲ, ಯಾತನೆಯನ್ನು ಮಾತ್ರ ಬಿಡುತ್ತದೆ. ಅದಕ್ಕೆ ಆಧಾರ ಪ್ರಕಟನೆ 20:14ರ 'ಎರಡನೆಯ ಮರಣ', ಅಡ್ಡಿ ಯುಗಯುಗಾಂತರದ ಯಾತನೆಯನ್ನು ಹೇಳುವ ಅದೇ ಅಧ್ಯಾಯದ 10ನೇ ವಚನ.

ಇತಿಹಾಸದ ಉದಾಹರಣೆ ಬೇಕಿದ್ದರೆ ಇಂಗ್ಲೆಂಡನ್ನು ತೆಗೆದುಕೊಳ್ಳಿ. ನಿತ್ಯದಂಡನೆಯನ್ನು ಪ್ರಶ್ನಿಸಿದ್ದಕ್ಕೆ 1853ರಲ್ಲಿ ಪಾದ್ರಿ ಎಫ್.ಡಿ. ಮಾರಿಸ್ ಲಂಡನ್ನಿನ ಕಿಂಗ್ಸ್ ಕಾಲೇಜಿನ ಹುದ್ದೆ ಕಳೆದುಕೊಂಡ. 1864ರಲ್ಲಿ ಅಲ್ಲಿನ ಉನ್ನತ ಮೇಲ್ಮನವಿ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್, ದುಷ್ಟರಿಗೂ ಕೊನೆಗೆ ಕ್ಷಮೆ ಸಿಗಬಹುದೆಂಬ ನಿರೀಕ್ಷೆ ವ್ಯಕ್ತಪಡಿಸುವುದು ಪಾದ್ರಿಗೆ ಅಪರಾಧವಲ್ಲ ಎಂದಿತು. ಎಲ್ಲರಿಗೂ ರಕ್ಷಣೆ ಎಂಬ ಬೋಧನೆಯನ್ನು ಖಂಡಿಸುವ ವಿಧಿ ಇಂಗ್ಲೆಂಡ್ ಸಭೆಯ ನಂಬಿಕೆಗಳನ್ನು ಪಟ್ಟಿಮಾಡಿದ 1553ರ 42 ವಿಧಿಗಳಲ್ಲಿತ್ತು, 1563ರಲ್ಲಿ ಅದನ್ನು ಕೈಬಿಡಲಾಗಿತ್ತು. ತೀರ್ಪಿನ ಬೆನ್ನಿಗೇ ಸುಮಾರು 11 ಸಾವಿರ ಪಾದ್ರಿಗಳು ನಿತ್ಯದಂಡನೆಯ ಪರವಾಗಿ ಸಹಿ ಹಾಕಿದರು. 'ನ್ಯಾಯಾಲಯ ನರಕವನ್ನು ರದ್ದುಮಾಡಿತು' ಎಂದು ಉತ್ತರದಲ್ಲಿ ಬರೆಯಬೇಡಿ. ಅದು ಆಗಿನ ಕಾಲದ ಕುಹಕ. ತೀರ್ಪು ಹೇಳಿದ್ದು ಯಾವುದು ದಂಡನೀಯ ಎಂಬುದನ್ನಷ್ಟೇ, ಯಾವುದು ಸತ್ಯ ಎಂಬುದನ್ನಲ್ಲ.