ಫೈಲ್ ಅಳಿಸಿದರೂ ಜಾಗ ಯಾಕೆ ಬರಲಿಲ್ಲ?

ರಾತ್ರಿ 10.30ಕ್ಕೆ ಫೋನ್. ಒಂದು ಕಚೇರಿಯ ಸರ್ವರ್ ನೋಡಿಕೊಳ್ಳುವ ಹುಡುಗ. “ಸರ್, 4 ಟಿಬಿ ಹಳೇ ಸಿಸಿಟಿವಿ ವಿಡಿಯೊ ಅಳಿಸಿದೆ. ಒಂದು ಜಿಬಿನೂ ಫ್ರೀ ಆಗ್ಲಿಲ್ಲ. ಜಾಗದ ಲೆಕ್ಕ ತೋರಿಸೋ ಡಿಎಫ್ ಕಮಾಂಡ್ ಹಾಕಿದ್ರೆ ಡಿಸ್ಕೇ ಚಿಕ್ಕದಾದ ಹಾಗೆ ತೋರಿಸ್ತಿದೆ!”

ಡಿಸ್ಕ್ ಎಲ್ಲೂ ಹೋಗಿರಲಿಲ್ಲ. ಅವರದು ಝಡ್‌ಎಫ್‌ಎಸ್, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಒಂದು ಫೈಲ್ ಸಿಸ್ಟಂ. ಅಲ್ಲಿ ಡಿಎಫ್ ತೋರಿಸುವ ಒಟ್ಟು ಗಾತ್ರ ಅಂದರೆ, ಈಗ ಬಳಕೆಯಲ್ಲಿರುವ ಡೇಟಾ ಮತ್ತು ಖಾಲಿ ಜಾಗ ಕೂಡಿಸಿದ ಲೆಕ್ಕ. ಅಳಿಸಿದ 4 ಟಿಬಿ ಬಳಕೆಯಿಂದ ಕಳೆಯಿತು, ಆದರೆ ಖಾಲಿ ಜಾಗಕ್ಕೆ ಸೇರಲಿಲ್ಲ. ಸ್ನ್ಯಾಪ್‌ಶಾಟ್‌ಗಳ ಲೆಕ್ಕಕ್ಕೆ ಹೋಯಿತು. ಸ್ನ್ಯಾಪ್‌ಶಾಟ್ ಅಂದರೆ ಡೇಟಾ ಒಂದು ಕ್ಷಣದಲ್ಲಿ ಹೇಗಿತ್ತೋ ಹಾಗೇ ಉಳಿಸಿಡುವ ವ್ಯವಸ್ಥೆ.

ಸ್ನ್ಯಾಪ್‌ಶಾಟ್ ಡೇಟಾವನ್ನು ನಕಲು ಮಾಡುವುದಿಲ್ಲ. ಈ ಕ್ಷಣದಲ್ಲಿರುವ ಬ್ಲಾಕ್‌ಗಳನ್ನು (ಡಿಸ್ಕ್‌ನಲ್ಲಿ ಡೇಟಾ ಕೂತಿರುವ ತುಣುಕುಗಳನ್ನು) ಯಾರೂ ಮುಟ್ಟಬಾರದು ಅಂತ ಗುರುತು ಹಾಕುತ್ತದೆ, ಅಷ್ಟೇ. ಹಾಗಾಗಿ ಸ್ನ್ಯಾಪ್‌ಶಾಟ್ ಮಾಡುವಾಗ ಜಾಗವೇ ಬೇಡ ಅನ್ನಿಸುತ್ತದೆ. ಆಮೇಲೆ ನೀವು ಅಳಿಸಿದಷ್ಟೂ, ಬದಲಿಸಿದಷ್ಟೂ ಅದು ದಪ್ಪವಾಗುತ್ತದೆ. ಪಹಣಿಯಲ್ಲಿ ಹಲವರ ಹೆಸರಿರುವ ಜಮೀನಿನ ಹಾಗೆ. ಒಬ್ಬರ ಹೆಸರು ತೆಗೆದರೆ ಜಮೀನು ಬೇರೆಯವರಿಗೆ ಸಿಗಲ್ಲ, ಅಲ್ವಾ? ಕೊನೆಯ ಹೆಸರೂ ಹೋಗಬೇಕು.

ಅವರಲ್ಲಿ ದಿನಕ್ಕೊಂದರಂತೆ 14 ಸ್ನ್ಯಾಪ್‌ಶಾಟ್ ಇದ್ದವು. ಹುಡುಗ ಒಂದೊಂದರ ಯೂಸ್ಡ್ ಅಂಕಿ ಓದಿ ಹೇಳಿದ. ಎಲ್ಲವೂ ಕೆಲವೇ ಎಂಬಿ. ಹಾಗಾದರೆ 4 ಟಿಬಿ ಎಲ್ಲಿದೆ? ಆ ಅಂಕಿಯಲ್ಲಿ ಬರುವುದು ಆ ಒಂದೇ ಸ್ನ್ಯಾಪ್‌ಶಾಟ್ ಹಿಡಿದುಕೊಂಡಿರುವ ಬ್ಲಾಕ್ ಮಾತ್ರ. ಹದಿನಾಲ್ಕೂ ಸೇರಿ ಹಿಡಿದದ್ದು ಯಾವುದರ ಹೆಸರಿಗೂ ಬರುವುದಿಲ್ಲ. ಒಂದನ್ನು ಅಳಿಸಿ ‘ಏನೂ ಬರಲಿಲ್ಲ’ ಅಂತ ಕೈಚೆಲ್ಲುವವರನ್ನು ನಾನು ಬಹಳ ನೋಡಿದ್ದೇನೆ. ಝಡ್‌ಎಫ್‌ಎಸ್‌ನ ಲಿಸ್ಟ್ ಆದೇಶಕ್ಕೆ ಸ್ಪೇಸ್ ಆಯ್ಕೆ ಕೊಟ್ಟು ‘ಯೂಸ್ಡ್‌ಸ್ನ್ಯಾಪ್’ ಕಾಲಂ ನೋಡಿ. ಒಟ್ಟು ಅಲ್ಲಿದೆ. ಇಲ್ಲಿಂದ ಇಲ್ಲಿಯವರೆಗಿನ ಸ್ನ್ಯಾಪ್‌ಶಾಟ್ ತೆಗೆದರೆ ಎಷ್ಟು ಜಾಗ ಬರುತ್ತದೆ ಅನ್ನುವುದನ್ನು ಡಿಸ್ಟ್ರಾಯ್ ಆದೇಶದ ಡ್ರೈ ರನ್ ಏನನ್ನೂ ಅಳಿಸದೆ ಹೇಳುತ್ತದೆ.

ನೆಟ್‌ಆ್ಯಪ್ ಕಂಪನಿಯ ಸ್ಟೋರೇಜ್‌ನಲ್ಲೂ ಕಥೆ ಇದೇ. ಅಲ್ಲಿ ಹೊಸ ವಾಲ್ಯೂಮ್‌ಗೆ (ಸ್ಟೋರೇಜ್‌ನ ಒಂದು ಭಾಗಕ್ಕೆ) ಸಾಮಾನ್ಯವಾಗಿ 5% ಸ್ನ್ಯಾಪ್‌ಶಾಟ್ ರಿಸರ್ವ್, ಅಂದರೆ ಮೀಸಲು ಜಾಗ, ಇರುತ್ತದೆ. ಅದು ತುಂಬಿದರೆ ಸ್ನ್ಯಾಪ್‌ಶಾಟ್‌ಗಳು ಮಾಮೂಲಿ ಡೇಟಾದ ಜಾಗಕ್ಕೆ ಚೆಲ್ಲುತ್ತವೆ.

ಅಳಿಸುವುದರಿಂದಲೇ ಜಾಗ ಮುಗಿದುಹೋಗುವುದಿಲ್ಲ. ಜಾಗ ಸಿಕ್ಕಿತು ಅಂದುಕೊಂಡು ಅದೇ ರಾತ್ರಿ ಹೊಸ ಡೇಟಾ ತುಂಬಿದಾಗ ತೊಂದರೆ ಶುರು. ಝಡ್‌ಎಫ್‌ಎಸ್ ಪೂರ್ತಿ ತುಂಬಿದರೆ ಫೈಲ್ ಅಳಿಸುವುದೂ ಕಷ್ಟವಾಗಬಹುದು. ಅಳಿಸಿದ್ದನ್ನು ಬರೆದುಕೊಳ್ಳಲೂ ಅದಕ್ಕೆ ಹೊಸ ಬ್ಲಾಕ್ ಬೇಕು.

“ಎಲ್ಲಾ ಸ್ನ್ಯಾಪ್‌ಶಾಟ್ ತೆಗೆದುಬಿಡ್ಲಾ ಸರ್?”

ಬೇಡ ಅಂದೆ. ದೊಡ್ಡದಾಗಿ ಅಳಿಸಿದ ದಿನವೇ ಸ್ನ್ಯಾಪ್‌ಶಾಟ್‌ಗೆ ಬೆಲೆ ಜಾಸ್ತಿ. ತಪ್ಪು ಫೋಲ್ಡರ್ ಹೋಗಿದ್ದರೆ ಅದು ಗೊತ್ತಾಗಲು ಎರಡು ಮೂರು ದಿನ ಬೇಕು. ಇನ್ನೊಂದು ಊರಿನ ಸರ್ವರ್‌ಗೆ ನಕಲು ಕಳಿಸುತ್ತಿದ್ದರೆ, ಎರಡೂ ಕಡೆ ಇರುವ ಕೊನೆಯ ಸ್ನ್ಯಾಪ್‌ಶಾಟ್ ಅನ್ನು ಮುಟ್ಟಲೇಬಾರದು. ಅದು ಹೋದರೆ ಬದಲಾದಷ್ಟನ್ನು ಮಾತ್ರ ಕಳಿಸುವ ದಾರಿ ಮುಚ್ಚಿ, ಎಲ್ಲವನ್ನೂ ಮೊದಲಿಂದ ಕಳಿಸಬೇಕಾಗಬಹುದು.

“ಜಾಗ ಇವತ್ತೇ ಬೇಕಾ?” ಅಂತ ಕೇಳಿದೆ. ಇನ್ನೂ 700 ಜಿಬಿ ಖಾಲಿ ಇತ್ತು, ದಿನಕ್ಕೆ ತುಂಬುತ್ತಿದ್ದದ್ದು 30 ಜಿಬಿ. ಹಳೇ ಸ್ನ್ಯಾಪ್‌ಶಾಟ್‌ಗಳು ಎರಡು ವಾರದಲ್ಲಿ ತಾವಾಗಿಯೇ ಹೋಗುತ್ತವೆ. ಸುಮ್ನೆ ಕಾಯಿರಿ ಅಂದೆ. ಮೂರನೇ ದಿನ ಆ ಕಚೇರಿಯವರು ಹಿಂದಿನ ಗೇಟಿನ ಹಳೇ ವಿಡಿಯೊ ಕೇಳಿದರು. ಸ್ನ್ಯಾಪ್‌ಶಾಟ್ ಒಳಗಿಂದ ಐದು ನಿಮಿಷದಲ್ಲಿ ಸಿಕ್ಕಿತು.

ಈಗ ಅವರಲ್ಲಿ ವಿಡಿಯೊಗೆ ತಿಂಗಳಿಗೊಂದು ಡೇಟಾಸೆಟ್, ಅಂದರೆ ಝಡ್‌ಎಫ್‌ಎಸ್ ಒಳಗೆ ಪ್ರತ್ಯೇಕ ವಿಭಾಗ. ಅವಧಿ ಮುಗಿದ ತಿಂಗಳನ್ನು ಸ್ನ್ಯಾಪ್‌ಶಾಟ್ ಸಮೇತ ಒಂದೇ ಸಲ ತೆಗೆಯುತ್ತಾರೆ, ಜಾಗ ಹಿನ್ನೆಲೆಯಲ್ಲಿ ಬಿಡುಗಡೆಯಾಗುತ್ತದೆ. ಇದನ್ನು ಸುಲಭವಾಗಿ ವಾಪಸ್ ತರಲು ಆಗಲ್ಲ. ಅದಕ್ಕೇ ಆ ಹುಡುಗ ಡೇಟಾಸೆಟ್ ಹೆಸರನ್ನು ಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳಿ, ಡ್ರೈ ರನ್ ನೋಡಿ, ಆಮೇಲೆ ಎಂಟರ್ ಒತ್ತುತ್ತಾನೆ.