ಲಾಕ್ ಫೈಲ್ ಮುಟ್ಟಬೇಡಿ

ಜಾವಾಸ್ಕ್ರಿಪ್ಟ್ ಪ್ರಾಜೆಕ್ಟಿಗೆ ಬೇರೆಯವರು ಬರೆದಿಟ್ಟ ಕೋಡನ್ನು, ಅಂದರೆ ಪ್ಯಾಕೇಜುಗಳನ್ನು, ತಂದುಕೊಡುವ ಸಾಧನ ಎನ್‌ಪಿಎಂ. ಬಿಲ್ಡ್ (ಕೋಡನ್ನು ಓಡುವ ಆ್ಯಪ್ ಆಗಿ ಕಟ್ಟುವ ಕೆಲಸ) ಕೈಕೊಟ್ಟಾಗ ಟೀಮಿನಲ್ಲಿ ಯಾರಾದರೊಬ್ಬರು ಹೇಳೇ ಹೇಳುತ್ತಾರೆ: ‘ನೋಡ್ ಮಾಡ್ಯೂಲ್ಸ್ ಫೋಲ್ಡರು, ಲಾಕ್ ಫೈಲು ಎರಡನ್ನೂ ಡಿಲೀಟ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡಿ, ಸರಿಹೋಗುತ್ತೆ.’ ಪ್ಯಾಕೇಜುಗಳು ಬಂದು ಕೂರುವ ಆ ಫೋಲ್ಡರ್ ಅಳಿಸಿ, ಪರವಾಗಿಲ್ಲ. ಲಾಕ್ ಫೈಲ್ ಮಾತ್ರ ಬಿಟ್ಟುಬಿಡಿ.

ನಮಗೆ ಬೇಕಾದ ಪ್ಯಾಕೇಜುಗಳ ಪಟ್ಟಿಯಿರುವ ಪ್ಯಾಕೇಜ್ ಜೇಸನ್ ಫೈಲ್ ಅನ್ನೋದು ದಿನಸಿ ಚೀಟಿ; ಲಾಕ್ ಫೈಲ್ ಅಂಗಡಿಯವನು ಕೊಟ್ಟ ಬಿಲ್. ಚೀಟಿಯಲ್ಲಿ ^1.2.3 ಅಂತಿದ್ದರೆ, 1.2.3ರಿಂದ ಹಿಡಿದು 2.0.0ಕ್ಕಿಂತ ಕೆಳಗಿನ ಯಾವ ವರ್ಷನ್ ಆದರೂ ನಡೆಯುತ್ತದೆ. ~1.2.3 ಆದರೆ 1.3.0ರ ಒಳಗೇ ನಿಲ್ಲಬೇಕು. ನಿಜವಾಗಿ ಬಂದಿದ್ದು ಯಾವುದು, ಎಲ್ಲಿಂದ ಬಂತು, ಅದರ ಹ್ಯಾಶ್ (ಬೆರಳಚ್ಚಿನಂಥ ಗುರುತು) ಏನು ಅನ್ನೋದೆಲ್ಲ ಲಾಕ್ ಫೈಲಿನಲ್ಲಿರುತ್ತದೆ. ನಾವು ಕೇಳದೆ ಬೆನ್ನಿಗೆ ಬಿದ್ದು ಬಂದ ಪ್ಯಾಕೇಜುಗಳದ್ದೂ ಸೇರಿ.

ಈ ^ ಚಿಹ್ನೆ ಎಷ್ಟು ದೂರ ಕರೆದೊಯ್ಯಬಹುದು ಅನ್ನೋದಕ್ಕೆ ಇವೆಂಟ್-ಸ್ಟ್ರೀಮ್ ಅನ್ನೋ ಪ್ಯಾಕೇಜಿನ 2018ರ ಪ್ರಕರಣ ನೋಡಿ. ಹಳೆಯ ನಿರ್ವಾಹಕರು ‘ನಾನು ನೋಡ್ಕೋತೀನಿ’ ಅಂದ ಅಪರಿಚಿತನಿಗೆ ಪ್ಯಾಕೇಜ್ ಒಪ್ಪಿಸಿದರು. ಅವನು 3.3.6ರಲ್ಲಿ ಫ್ಲಾಟ್‌ಮ್ಯಾಪ್-ಸ್ಟ್ರೀಮ್ ಅನ್ನೋ ಪುಟ್ಟ ಡಿಪೆಂಡೆನ್ಸಿಯನ್ನು (ಒಂದು ಪ್ಯಾಕೇಜಿಗೆ ಬೇಕಾಗುವ ಇನ್ನೊಂದು ಪ್ಯಾಕೇಜ್) ^ ಹಾಕಿ ಸೇರಿಸಿದ. ಅದರ 0.1.0ರಲ್ಲಿ ಏನೂ ಇರಲಿಲ್ಲ. ಆಮೇಲೆ ಬಂದ 0.1.1ರಲ್ಲಿ ಕೋಪೇ ಅನ್ನೋ ಬಿಟ್‌ಕಾಯಿನ್ ವ್ಯಾಲೆಟ್‌ಗೆ ಕನ್ನ ಹಾಕುವ ಕೋಡ್ ಇತ್ತು. ಹೊಸದಾಗಿ ಇನ್‌ಸ್ಟಾಲ್ ಮಾಡಿದವರಿಗೆ ಅದು ಸುಮ್ನೆ ಬಂದು ಕೂತಿತು. ಹಳೆಯ ವರ್ಷನ್ನಿಗೇ ಲಾಕ್ ಆಗಿದ್ದವರು ಬಚಾವ್.

ಹಾಗಂತ ಲಾಕ್ ಫೈಲ್ ಇದ್ದರೆ ಸಾಲದು, ಅದನ್ನು ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ಗೆ ಕಮಿಟ್ ಮಾಡಬೇಕು, ಅಂದರೆ ಅಲ್ಲಿ ದಾಖಲಿಸಬೇಕು. ಬಿಲ್ಡ್ ಸರ್ವರಿನಲ್ಲಿ ‘ಎನ್‌ಪಿಎಂ ಇನ್‌ಸ್ಟಾಲ್’ ಬದಲು ‘ಎನ್‌ಪಿಎಂ ಸಿಐ’ ಓಡಿಸಬೇಕು. ಚೀಟಿಗೂ ಬಿಲ್ಲಿಗೂ ತಾಳೆಯಾಗದಿದ್ದರೆ ಅದು ಎರರ್ ಕೊಟ್ಟು ನಿಲ್ಲುತ್ತದೆ. ‘ಎನ್‌ಪಿಎಂ ಇನ್‌ಸ್ಟಾಲ್’ ಆದರೋ, ಲಾಕ್ ಫೈಲನ್ನೇ ತಿದ್ದಿ ಮುಂದೆ ಹೋಗುತ್ತದೆ.

ಇನ್ನೊಂದು ಕಾಟ ಜಾಸ್ತಿ ಕಣ್ಣಿಗೆ ಬೀಳುವುದಿಲ್ಲ. ಕೋಡಿನಲ್ಲಿ ಒಂದು ಪ್ಯಾಕೇಜ್ ಇಂಪೋರ್ಟ್ ಮಾಡಿರುತ್ತೀರಿ, ಪ್ಯಾಕೇಜ್ ಜೇಸನ್‌ನಲ್ಲಿ ಅದರ ಹೆಸರೇ ಇರುವುದಿಲ್ಲ. ಆದರೂ ಓಡುತ್ತದೆ! ಬೇರೆ ಯಾವುದೋ ಪ್ಯಾಕೇಜಿಗೆ ಅದು ಬೇಕಿತ್ತು. ಎನ್‌ಪಿಎಂ ಅದನ್ನು ಮೇಲಿನ ಹಂತದಲ್ಲೇ ಇಟ್ಟಿದ್ದರಿಂದ ನಿಮಗೂ ಸಿಕ್ಕಿತು. ಆ ಪ್ಯಾಕೇಜಿನವರು ಮುಂದಿನ ವರ್ಷನ್‌ನಲ್ಲಿ ಅದನ್ನು ಕೈಬಿಟ್ಟರೆ ನಿಮ್ಮ ಆ್ಯಪ್ ಬೀಳುತ್ತದೆ, ಅಲ್ವಾ? ಇಂಪೋರ್ಟ್ ಮಾಡಿದ್ದನ್ನೆಲ್ಲ ನೀವೇ ಬರೆದಿಡಿ. ಯಾವುದನ್ನು ಯಾರು ತಂದರು ಅಂತ ತಿಳಿಯಲು ‘ಎನ್‌ಪಿಎಂ ಎಲ್‌ಎಸ್’ ಮುಂದೆ ಪ್ಯಾಕೇಜ್ ಹೆಸರು ಹಾಕಿದರೆ ಸಾಕು.

ಅಪ್‌ಗ್ರೇಡ್ ಬೇಡ ಅಂತ ನಾನು ಹೇಳುತ್ತಿಲ್ಲ. ಲಾಕ್ ಫೈಲ್ ಎಂದೂ ಬದಲಾಗದಿದ್ದರೆ ಸೆಕ್ಯೂರಿಟಿ ಪ್ಯಾಚ್‌ಗಳೂ ಬರುವುದಿಲ್ಲ. ಒಂದು ಸಲಕ್ಕೆ ಒಂದೇ ಪ್ಯಾಕೇಜ್, ಅದಕ್ಕೊಂದು ಬೇರೆ ಕಮಿಟ್. ರಿವ್ಯೂ ಮಾಡುವವರು ಲಾಕ್ ಫೈಲಿನ ಡಿಫ್ (ಏನೇನು ಬದಲಾಯಿತು ಅನ್ನೋ ಪಟ್ಟಿ) ಬಿಡಿಸಿ, ಹೊಸ ಹೆಸರು ಸೇರಿದೆಯಾ ಅಂತಾದರೂ ನೋಡಲಿ.